ಎರಡು ಹಲ್ಲು ಬಾಕಿಯಿದ್ದ ಕೀಲಿ

ಬೀಗದಣ್ಣನ ಮನೆಯ ಆಯುಧ ಪೂಜೆಯ ಕಟ್ಟುನಿಟ್ಟು ಇಡೀ ಬೀದಿಗೆ ಗೊತ್ತು. ಆ ದಿನ ಯಾರೂ ಕೀಲಿ ಕಳೆದುಕೊಳ್ಳಬಾರದು. ಕಳೆದುಕೊಂಡರೆ ಮರುದಿನ ಬೆಳಗಿನವರೆಗೆ ಮೆಟ್ಟಿಲ ಮೇಲೆ ಕೂತಿರಬೇಕು. ಒಂದು ವರ್ಷ ಎದುರು ಮಹಡಿಯ ಮೇಷ್ಟ್ರು ಸ್ನಾನ ಮುಗಿಸಿ, ಒದ್ದೆ ಟವೆಲ್ಲಿನಲ್ಲೇ ಪೇಪರ್ ಎತ್ತಿಕೊಳ್ಳಲು ಹೊರಗೆ ಬಂದರು. ಬಾಗಿಲು ಹಿಂದಿನಿಂದ ಹಾಕಿಕೊಂಡಿತು. ಬೀಗದಣ್ಣ ಅವರಿಗೆ ಅಂಗಿ ಕೊಟ್ಟ, ಪಂಚೆ ಕೊಟ್ಟ, ಎರಡು ಹೊತ್ತು ಊಟ ಹಾಕಿದ, ಮಲಗಲು ಚಾಪೆಯನ್ನೂ ಹಾಸಿದ. ಬೀಗ ತೆಗೆಯುವ ತಂತಿಯೊಂದನ್ನು ಮಾತ್ರ ಕೈಗೆತ್ತಿಕೊಳ್ಳಲಿಲ್ಲ. ಮೇಷ್ಟ್ರು ಈಗಲೂ ಆ ದಿನ ಹತ್ತಿರ ಬಂದರೆ ಕೀಲಿಯನ್ನು ಜನಿವಾರದಂತೆ ಕೊರಳಿಗೆ ಹಾಕಿಕೊಂಡು ಓಡಾಡುತ್ತಾರೆ.

ಹಬ್ಬದ ಹಿಂದಿನ ಸಂಜೆ ಅಂಗಡಿಯ ಸಾಮಾನೆಲ್ಲ ಮನೆಗೆ ಬರುತ್ತಿತ್ತು. ಅರಗಳು, ಇಕ್ಕಳ, ಸ್ಕ್ರೂಡ್ರೈವರ್, ಬೀಗದ ಹೊಟ್ಟೆಯೊಳಗೆ ಕೈಯಾಡಿಸುವ ಕೊಕ್ಕೆ ತಂತಿಗಳು. ಎಲ್ಲವನ್ನೂ ಸೋಡಾ ನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಿ, ದೇವಿಯ ಪಟದ ಮುಂದೆ ಕೆಂಪು ಬಟ್ಟೆಯ ಮೇಲೆ ಸಾಲಾಗಿ ಮಲಗಿಸಬೇಕು. ನಡುವೆ ತೀರಿಹೋದ ಅಪ್ಪನ ಸುತ್ತಿಗೆ. ಒಂದೊಂದಕ್ಕೂ ಅರಿಸಿನ, ಕುಂಕುಮ, ಹೂವು. ಪೂಜೆಯಾದ ಮೇಲೆ ಮರುದಿನ ಬೆಳಿಗ್ಗೆ ಅಮ್ಮ ಬಂದು ಕೈಮುಗಿದು ಕದಲಿಸುವ ತನಕ ಯಾರೂ ಯಾವುದನ್ನೂ ಮುಟ್ಟುವಂತಿಲ್ಲ.

"ವರ್ಷವೆಲ್ಲ ನಮ್ಮನ್ನ ಸಾಕಿದ ಕಬ್ಬಿಣ. ಒಂದು ದಿನ ಸುಮ್ನೆ ಮಲಗ್ಲಿ. ಎಬ್ಬಿಸಿದ್ರೆ ದೇವಿ ಸುಮ್ನಿರಲ್ಲ" ಎನ್ನುತ್ತಿದ್ದಳು ಅಮ್ಮ.

ಇದಲ್ಲದೆ ಆ ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಪ್ರತಿವರ್ಷ ದೇವರ ಕೋಣೆಯ ಬಾಗಿಲಿಗೆ ಬೇರೆ ಬೀಗ ಕೂರಿಸಬೇಕು. ಅದಕ್ಕೊಂದು ಕೀಲಿಯನ್ನೂ ಕೈಯಲ್ಲೇ ಮಾಡಬೇಕು, ಆದರೆ ಪೂರ್ತಿ ಮಾಡಬಾರದು. ಕೊನೆಯ ಎರಡು ಹಲ್ಲನ್ನು ಅರದಿಂದ ಉಜ್ಜದೆ ಬಾಕಿ ಉಳಿಸಿ, ಆ ಅರೆಬರೆ ಕೀಲಿಯನ್ನು ದೇವಿಯ ಮುಂದೆ ಇಡಬೇಕು. ಮರುದಿನ ಎದ್ದು ಮಾಡುವ ಮೊದಲ ಕೆಲಸ ಆ ಎರಡು ಹಲ್ಲು. ಕೆಲಸ ಮುಗಿದೇಹೋಯಿತು ಎಂದು ಆಗಬಾರದು, ಮನೆಯಲ್ಲಿ ಯಾವಾಗಲೂ ಸ್ವಲ್ಪ ಬಾಕಿ ಇರಬೇಕು ಎಂಬುದು ಅದರ ಅರ್ಥ. ತಾತ ಮುತ್ತಾತಂದಿರ ಕಾಲದಿಂದಲೂ ಹೀಗೆಯೇ ನಡೆದು ಬಂದಿದೆ ಎಂದೇ ಬೀಗದಣ್ಣ ತಿಳಿದಿದ್ದ.

ಅವನಿಗೂ ಒಂದು ಕಾಲದಲ್ಲಿ ಇದೆಲ್ಲ ಅಷ್ಟೇನೂ ಮನಸ್ಸಿಗೆ ಹತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ, ಇದೇ ಹಬ್ಬದ ದಿನ, ಪಕ್ಕದ ಮನೆಯಾತ ಓಡಿಬಂದಿದ್ದ. ಹೆಂಡತಿಗೆ ಹೆರಿಗೆ ನೋವು ಶುರುವಾಗಿತ್ತು, ಕಾರಿನ ಕೀಲಿ ಕಾರಿನೊಳಗೇ ಉಳಿದಿತ್ತು. ಬೀಗದಣ್ಣ ಮನೆಯವರ ಕಣ್ಣು ತಪ್ಪಿಸಿ ಕೆಂಪು ಬಟ್ಟೆಯ ಮೇಲಿನ ಒಂದೇ ಒಂದು ಕೊಕ್ಕೆ ತಂತಿಯನ್ನು ಎತ್ತಿ, ಎರಡು ನಿಮಿಷದಲ್ಲಿ ಬಾಗಿಲು ತೆಗೆದುಕೊಟ್ಟು, ತಂತಿಯನ್ನು ಇದ್ದ ಜಾಗದಲ್ಲೇ ಮಲಗಿಸಿದ್ದ. ನಾಲ್ಕನೆಯ ದಿನ ಅಪ್ಪ ಅಂಗಡಿಯಲ್ಲಿ ಕೂತಲ್ಲೇ ಪಕ್ಕಕ್ಕೆ ವಾಲಿದ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ತಂತಿಯ ವಿಷಯವನ್ನು ಅವನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಹನ್ನೊಂದು ವರ್ಷ ಅದನ್ನು ಎದೆಯಲ್ಲಿಟ್ಟುಕೊಂಡು ತಿರುಗಿದ. ಊರವರ ಬೀಗವನ್ನೆಲ್ಲ ತೆಗೆಯುವವನು ತನ್ನೊಳಗಿನ ಆ ಒಂದನ್ನು ಮುಟ್ಟುವುದಕ್ಕೇ ಹೋಗಲಿಲ್ಲ. ಮೇಷ್ಟ್ರಿಗೆ ಚಾಪೆ ಹಾಸಿದ್ದರ ಹಿಂದಿನ ಕಥೆ ಇದು.

ಈ ಸಲದ ಬೀಗದ ಬಗ್ಗೆ ಅವನಿಗೆ ಬಹಳ ಜಂಬವಿತ್ತು. ಯಾವುದೋ ಹಳೆಯ ಕಚೇರಿಯ ದಾಖಲೆ ಕೋಣೆಯದ್ದು. ಗುಜರಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದನ್ನು ತಂದು, ಮೂರು ತಿಂಗಳು ಸೀಮೆಎಣ್ಣೆಯಲ್ಲಿ ನೆನೆಸಿ, ಬಿಚ್ಚಿ, ಜೋಡಿಸಿ, ಬಾಗಿಲ ದಪ್ಪದೊಳಗೇ ಹೂತು ಕೂರಿಸಿದ್ದ. ಬಾಗಿಲು ಹಾಕಿದರೆ ತಾನೇ ಬಿದ್ದುಕೊಳ್ಳುತ್ತದೆ. ತೆಗೆಯಲು ಒಳಗಿನಿಂದಲೂ ಕೀಲಿ ಬೇಕು, ಹೊರಗಿನಿಂದಲೂ ಕೀಲಿ ಬೇಕು. ಇಣುಕಿ ನೋಡಲಾಗದಂತೆ ಆಚೆಯ ತೂತು ಒಂದು ಕಡೆ, ಈಚೆಯ ತೂತು ಇನ್ನೊಂದು ಕಡೆ.

"ಎಂಥ ತಲೆ ನೋಡೇ ಇದನ್ನ ಮಾಡಿದವನದು!" ಎಂದು ಹೆಂಡತಿಗೆ ಹತ್ತು ಸಲ ತೋರಿಸಿದ್ದ.

"ದೇವರ ಕೋಣೆಗೆ ಯಾಕ್ರೀ ಇಷ್ಟೆಲ್ಲ? ದೇವಿ ಎಲ್ಲಿಗಾದ್ರೂ ಓಡಿಹೋಗ್ತಾಳಾ?" ಎಂದಿದ್ದಳು ಅವಳು.

ಕೀಲಿಯ ಎರಡು ಹಲ್ಲು ಬಾಕಿಯಿದ್ದುದರಿಂದ ಬಾಗಿಲು ಮುಚ್ಚಿಕೊಳ್ಳದಂತೆ ಅಡಿಗೆ ಒಂದು ಮರದ ತುಂಡು ಸಿಕ್ಕಿಸಿದ್ದ. ಅಮ್ಮನಿಗೆ ಹೇಳಬೇಕು ಎಂದುಕೊಂಡಿದ್ದ. ಹೇಳಿದ್ದೇನೆ ಎಂದೂ ಅಂದುಕೊಂಡಿದ್ದ. ಹೇಳಿರಲಿಲ್ಲ.

ಪೂಜೆ ಮುಗಿದಾಗ ಮಧ್ಯಾಹ್ನ ಒಂದೂಕಾಲು. ಹೆಂಡತಿ ನೈವೇದ್ಯದ ತಟ್ಟೆಗಳನ್ನು ಎತ್ತಿಕೊಂಡು ಹೊರಗೆ ಬಂದು, ನೆಲ ಒರೆಸಿ, ಬೇಗ ಒಣಗಲೆಂದು ಬಾಲ್ಕನಿಯ ಬಾಗಿಲನ್ನು ತೆರೆದಿಟ್ಟಳು. ಎಪ್ಪತ್ತನಾಲ್ಕು ವರ್ಷದ ಅಮ್ಮ ಊಟಕ್ಕೆ ಮುಂಚಿನ ಇನ್ಸುಲಿನ್ ಚುಚ್ಚಿಕೊಂಡು, ದೀಪಕ್ಕೆ ಎಣ್ಣೆಯಿದೆಯೇ ಎಂದು ನೋಡಲು ದೇವರ ಕೋಣೆಗೆ ಹೋದಳು. ಗಾಳಿಗೆ ದೀಪ ಅಲ್ಲಾಡುತ್ತಿತ್ತು. ಬಾಗಿಲಡಿಯಲ್ಲಿ ಯಾವುದೋ ಕಸ ಸಿಕ್ಕಿಕೊಂಡಿತ್ತು. ಅಮ್ಮ ಕಸವನ್ನು ಕಾಲಲ್ಲಿ ಆಚೆ ಸರಿಸಿ ಬಾಗಿಲು ಹಾಕಿಕೊಂಡಳು.

ಟಕ್.

ಬಾಳೆಎಲೆ ಹಾಸುತ್ತಿದ್ದ ಬೀಗದಣ್ಣನ ಕೈ ಅಲ್ಲೇ ನಿಂತಿತು. ಆ ಸದ್ದು ಅವನಿಗೆ ಗೊತ್ತು. ಮೂರು ತಿಂಗಳು ಕೂತು ಆ ಸದ್ದು ಬರಿಸಿದವನೇ ಅವನು.

"ಅಮ್ಮಾ?"

"ಏನೋ?"

"ಬಾಗಿಲು ಹಾಕಿದ್ಯಾ?"

"ದೀಪ ಆರ್ತಿತ್ತು, ಹಾಕ್ದೆ. ಯಾಕೆ, ನಮ್ಮನೆ ಬಾಗಿಲು ಹಾಕೋಕೂ ನಿನ್ನ ಅಪ್ಪಣೆ ಬೇಕಾ?"

ಅವನು ಓಡಿಬಂದು ಬಾಗಿಲನ್ನು ತಳ್ಳಿದ. ಅದು ಅಲ್ಲಾಡಲಿಲ್ಲ. ಹೆಂಡತಿ ತಟ್ಟೆ ಹಿಡಿದುಕೊಂಡೇ ಬಂದಳು. ಗಂಡನ ಮುಖ ನೋಡಿದಳು, ಬಾಗಿಲು ನೋಡಿದಳು, ಗೋಡೆಯ ಗಡಿಯಾರ ನೋಡಿದಳು.

"ಅತ್ತೆ ಸೂಜಿ ಚುಚ್ಕೊಂಡಾಯ್ತು ಕಣ್ರೀ" ಎಂದಳು, ಮೆಲ್ಲಗೆ.

ಅದರ ಅರ್ಥ ಮೂವರಿಗೂ ಗೊತ್ತಿತ್ತು. ಎರಡು ವರ್ಷದ ಹಿಂದೆ ಒಂದು ಮದುವೆ ಮನೆಯಲ್ಲಿ ಊಟ ಮುಕ್ಕಾಲು ಗಂಟೆ ತಡವಾಗಿ ಅಮ್ಮ ಕುರ್ಚಿಯಲ್ಲೇ ತಣ್ಣಗೆ ಬೆವರಿ, ಮಾತು ತೊದಲಿ, ಕಣ್ಣು ಮುಚ್ಚಿದ್ದಳು. ಚುಚ್ಚಿಕೊಂಡ ಇಪ್ಪತ್ತು ನಿಮಿಷದೊಳಗೆ ಹೊಟ್ಟೆಗೆ ಬೀಳಲೇಬೇಕು, ಇಲ್ಲದಿದ್ದರೆ ಪ್ರಾಣಕ್ಕೇ ಅಪಾಯ ಎಂದು ಡಾಕ್ಟರು ಅವನನ್ನು ನಿಲ್ಲಿಸಿಕೊಂಡು ಬೈದಿದ್ದರು.

"ಅಮ್ಮ, ಒಳಗೆ ಬಾಳೆಹಣ್ಣು ಇದೆಯಾ?"

"ಎಲ್ಲಾ ನಿನ್ನ ಹೆಂಡ್ತಿ ಎತ್ಕೊಂಡು ಹೋದಳಲ್ಲ! ಇಲ್ಲಿರೋದು ಹೂವು, ಕುಂಕುಮ, ನಿನ್ನ ಕಬ್ಬಿಣ."

ಹೆಂಡತಿ ತನ್ನ ಕೈಯಲ್ಲಿದ್ದ ಹಣ್ಣಿನ ತಟ್ಟೆಯನ್ನು ನೋಡಿ ತುಟಿ ಕಚ್ಚಿಕೊಂಡಳು. ಬೀಗದ ತೂತಿನಲ್ಲಿ ನಳಿಗೆ ತೂರಿಸಿ ಸಕ್ಕರೆ ನೀರು ಬಿಡೋಣವೆಂದರೆ ಎರಡು ತೂತಿಗೂ ತಾಳಮೇಳವಿಲ್ಲ. ಬಾಗಿಲಡಿಯಿಂದ ತಳ್ಳೋಣವೆಂದರೆ ದೀಪದೆಣ್ಣೆಗೆ ಇರುವೆ ಬರಬಾರದೆಂದು ರಬ್ಬರ್ ಪಟ್ಟಿ ಬಡಿದವನೂ ಇವನೇ. ಒಂದು ಕೆಲಸವನ್ನಾದರೂ ಅರೆಮನಸ್ಸಿನಿಂದ ಮಾಡಿದ್ದರೆ ಇವತ್ತು ಉಪಯೋಗಕ್ಕೆ ಬರುತ್ತಿತ್ತು. ಬಾಗಿಲು ಒಡೆಯೋಣವೆಂದರೆ, ಮೊದಲು ಸಾಮಾನು ಇಡುವ ಗೂಡಾಗಿದ್ದ ಕೋಣೆ ಅದು. ಒಳಗೆ ಒಬ್ಬರು ಕೂತರೆ ಮೊಣಕಾಲು ಬಾಗಿಲಿಗೆ ತಾಗುತ್ತದೆ. ಬಾಗಿಲು ಬೀಳುವುದು ಅಮ್ಮನ ಮೇಲೆಯೇ.

ಹೆಂಡತಿ ಊರಿನ ಇನ್ನೊಬ್ಬ ಬೀಗದವನಿಗೆ ಫೋನ್ ಮಾಡಿದಳು. ಅವನನ್ನು ಎಲ್ಲರೂ ಗಡಿಬಿಡಿ ಅಂತ ಕರೆಯುತ್ತಾರೆ. ಹುಟ್ಟಿದಾಗಿನಿಂದ ಅವನು ಯಾವುದಕ್ಕೂ ಗಡಿಬಿಡಿ ಮಾಡಿದವನಲ್ಲ.

"ನನ್ನ ಸಾಮಾನೂ ಪೂಜೆಗೆ ಕೂತಿದೆ ತಂಗೀ. ಇರ್ಲಿ, ಎತ್ಕೊಂಡು ಬರ್ತೀನಿ. ಅಜ್ಜಿ ಜೀವಕ್ಕಿಂತ ಹೆಚ್ಚಾ? ಆದ್ರೆ ಮುಕ್ಕಾಲು ಗಂಟೆ ಆಗುತ್ತೆ" ಎಂದನವನು.

ಮುಕ್ಕಾಲು ಗಂಟೆ! ಬೀಗದಣ್ಣನಿಗೆ ಬೇಕಾದದ್ದೆಲ್ಲ ಒಳಗೇ ಇತ್ತು. ಕೀಲಿಯೂ ಇತ್ತು, ಅರವೂ ಇತ್ತು. ಹೊರಗೆ ಬರಿಗೈಯಲ್ಲಿ ನಿಂತ ಕಸುಬುದಾರ, ಒಳಗೆ ಕಸುಬಿನ ಮುಂದೆ ಕೂತ ಮುದುಕಿ. ಅಮ್ಮನೇ ಅರ ಹಿಡಿದು ಆ ಎರಡು ಹಲ್ಲು ಉಜ್ಜಬೇಕು. ಬೇರೆ ದಾರಿಯಿಲ್ಲ. ಆ ಮಾತು ಅವನ ಬಾಯಿಂದ ಹೊರಡಲಿಲ್ಲ. ಒಂದು ತಂತಿ ಮುಟ್ಟಿದ್ದಕ್ಕೆ ಅಪ್ಪ ಹೋದ. ಈಗ ಅಮ್ಮ ತನ್ನ ಕೈಯಾರೆ ಅರ ಎತ್ತಿದರೆ? ಮುಟ್ಟಿದರೂ ಕಳೆದುಕೊಳ್ಳುತ್ತೇನೆ, ಮುಟ್ಟದಿದ್ದರೂ ಕಳೆದುಕೊಳ್ಳುತ್ತೇನೆ ಎಂದು ಅವನು ಬಾಗಿಲಿಗೆ ಹಣೆಯಿಟ್ಟು ನಿಂತ.

"ಲೋ, ಯಾಕೋ ಸುಮ್ನೆ ನಿಂತೆ?" ಅಮ್ಮನ ದನಿ ಬಾಗಿಲಿನ ಆಚೆ, ಒಂದು ಗೇಣಿನಷ್ಟು ಹತ್ತಿರದಲ್ಲಿತ್ತು. "ನಂಗೆ ಹೊಟ್ಟೆ ಚುರುಗುಟ್ತಿದೆ. ಏನ್ ಮಾಡ್ಬೇಕು ಹೇಳು."

"ಅಮ್ಮ... ಅರ ಮುಟ್ಬೇಕಾಗುತ್ತೆ."

"ಮುಟ್ತೀನಿ. ಅದಕ್ಕೇನೀಗ?"

"ಬೇಡ ಅಮ್ಮ. ನಾನು ಒಂದ್ಸಲ ಮುಟ್ಟಿದ್ದೆ." ಹೆಂಡತಿ ಪಕ್ಕದಲ್ಲೇ ಇದ್ದಾಳೆಂಬುದೂ ಅವನಿಗೆ ಮರೆತುಹೋಯಿತು. "ಅಪ್ಪ ತೀರ್ಕೊಂಡ ವರ್ಷ. ಪಕ್ಕದ ಮನೆ ಕಾರಿಗೆ ತಂತಿ ಎತ್ತಿದ್ದೆ. ಪೂಜೆ ದಿನಾನೇ. ಯಾರಿಗೂ ಹೇಳ್ಲಿಲ್ಲ. ನಾಲ್ಕೇ ದಿನ ಅಮ್ಮ, ನಾಲ್ಕೇ ದಿನಕ್ಕೆ ಅಪ್ಪ..."

ಹೆಂಡತಿ ಗಂಡನ ಬೆನ್ನ ಮೇಲೆ ಕೈಯಿಟ್ಟಳು. ಬಾಗಿಲಾಚೆಯಿಂದ ಅಮ್ಮನ ದನಿ ಕೇಳಿತು.

"ಹನ್ನೊಂದು ವರ್ಷ ಇದನ್ನ ಹೊತ್ಕೊಂಡು ತಿರುಗಿದ್ಯಾ? ಪೆದ್ದು ಮುಂಡೇದೇ. ಹೊರಗೆ ಬಂದು ನಿನ್ನ ವಿಚಾರಿಸ್ಕೊಳ್ತೀನಿ, ಇರು."

ಆಮೇಲೆ ಲೋಹದ ಮೇಲೆ ಲೋಹ ಸರಿದ ಸದ್ದು. ಸಾಮಾನನ್ನು ತಡಕಾಡುತ್ತಿದ್ದಾಳೆ. ಬೀಗದಣ್ಣ ಕಣ್ಣೊರೆಸಿಕೊಂಡು, ಕಸುಬಿನ ದನಿ ತಂದುಕೊಂಡ.

"ಸರಿ ಅಮ್ಮ, ನಿಧಾನಕ್ಕೆ ಕೇಳಿಸ್ಕೋ. ಮೊದಲು ಕೀಲೀನ ದೀಪದ ಮೇಲೆ..."

"ಹಿಡಿದಾಯ್ತು. ಕಪ್ಪಗೆ ಮಸಿ ಹತ್ತಿದೆ. ತೂರಿಸಿ ತಿರುಗಿಸಿದ್ದೂ ಆಯ್ತು. ತುದಿ ಹಲ್ಲಿನ ಎಡಗಡೆ ಮಸಿ ಹೋಗಿ ಹೊಳೀತಿದೆ. ಅಲ್ಲಿ ತಾಗ್ತಿದೆ ಅಂತ ತಾನೇ? ಬಾಯಿ ಮುಚ್ಕೊಂಡಿರು, ಮಾತಾಡಿಸಿದ್ರೆ ಕೈ ಓಡಲ್ಲ."

ಬೀಗದಣ್ಣ ಬಾಯಿ ತೆರೆದುಕೊಂಡು ನಿಂತ. ಬೀಗದೊಳಗೆ ಕೀಲಿ ಎಲ್ಲಿ ಅಡ್ಡಬರುತ್ತಿದೆಯೆಂದು ದೀಪದ ಮಸಿಯಿಂದ ಗುರುತು ಹಿಡಿಯುವ ಈ ಉಪಾಯ ಕಲಿಯಲು ಅವನಿಗೆ ಎರಡು ವರ್ಷ ಹಿಡಿದಿತ್ತು. ಒಳಗಿನಿಂದ ಅರದ ಸದ್ದು ಶುರುವಾಯಿತು. ಹಿತ್ತಾಳೆಯ ಮೇಲೆ ಮೂರು ಉದ್ದ, ಒಂದು ಗಿಡ್ಡ. ಮೂರು ಉದ್ದ, ಒಂದು ಗಿಡ್ಡ. ಅವನು ಬಾಗಿಲಿಗೆ ಕಿವಿಯಿಟ್ಟ. ಅದು ಅಪ್ಪನ ಉಜ್ಜು. ಅಪ್ಪ ಮಾಡಿದ ಹಳೆಯ ಕೀಲಿಗಳನ್ನು ಎದುರಿಗಿಟ್ಟುಕೊಂಡು, ಗೀರು ನೋಡಿ ನೋಡಿ, ಅವನು ತನ್ನ ಕೈಗೆ ಕಲಿಸಿಕೊಂಡದ್ದೂ ಅದನ್ನೇ.

ಒಂದು ಹಲ್ಲು ಮುಗಿಯಿತು. ಕೀಲಿ ತೂರಿತು, ತಿರುಗಲಿಲ್ಲ, ಹೊರಗೆ ಬಂತು. ಮತ್ತೆ ಅರ. ಗಡಿಯಾರ ಒಂದೂ ನಲವತ್ತು ತೋರಿಸುತ್ತಿತ್ತು. ಮೂರು ಉದ್ದ, ಒಂದು ಗಿಡ್ಡ. ಆಮೇಲೆ ಎರಡು ಉದ್ದ. ಆಮೇಲೆ ಒಂದು. ಆಮೇಲೆ ಸದ್ದು ನಿಂತಿತು.

"ಅಮ್ಮ?"

ಅವನು ಅಂಗೈಯಿಂದ ಬಾಗಿಲು ಬಡಿದ.

"ಅಮ್ಮಾ! ಏನಾದ್ರೂ ಮಾತಾಡು!"

"...ಬೆವರು," ಎಂದಳು ಅಮ್ಮ. ಮಾತು ಎಳೆದೆಳೆದು ಬರುತ್ತಿತ್ತು. "ಕೈ ಜಾರ್ತಿದೆ."

ಹೆಂಡತಿ ಆಂಬುಲೆನ್ಸಿಗೆ ಫೋನ್ ಹಚ್ಚಿ ಅಳುವ ದನಿಯಲ್ಲಿ ವಿಳಾಸ ಹೇಳತೊಡಗಿದಳು. ಬೀಗದಣ್ಣ ಮಂಡಿಯೂರಿ, ಬೀಗದ ತೂತಿಗೆ ಬಾಯಿ ಹಚ್ಚಿದ.

"ಕುಂಕುಮದಲ್ಲಿ ಕೈ ಅದ್ದಮ್ಮ, ಜಾರಲ್ಲ. ಇನ್ನು ಸ್ವಲ್ಪಾನೇ. ಅರ ತುದೀಲಿ ಹಿಡೀಬೇಡ, ಹೊಟ್ಟೇಲಿ ಹಿಡಿ. ಉಜ್ಜು. ನಾನು ಇಲ್ಲೇ ಇದೀನಿ. ಉಜ್ಜಮ್ಮ, ನಿಲ್ಲಿಸ್ಬೇಡ, ನಿನ್ನ ದಮ್ಮಯ್ಯ, ಉಜ್ಜು!"

ಹಬ್ಬದ ದಿನ ಆಯುಧ ಮುಟ್ಟು ಎಂದು ತಾನೇ ಕೂಗುತ್ತಿದ್ದೇನೆಂಬುದು ಅವನ ಗಮನಕ್ಕೂ ಬರಲಿಲ್ಲ.

ಒಂದು ಉದ್ದ. ಇನ್ನೊಂದು. ಒಂದು ಗಿಡ್ಡ. ಕೀಲಿ ತೂತು ಹುಡುಕುತ್ತ ಲೋಹಕ್ಕೆ ತಡವರಿಸಿತು, ಒಳಗಿಳಿಯಿತು. ಬೀಗದ ಹೊಟ್ಟೆಯಲ್ಲಿ ಒಂದೊಂದೇ ಸಣ್ಣ ತಗಡು ಎದ್ದು ನಿಲ್ಲುವುದು ಬಾಗಿಲಿಗೆ ಒತ್ತಿದ ಅವನ ಅಂಗೈಗೆ ತಿಳಿಯಿತು. ನಾಲ್ಕನೆಯದು ಎದ್ದಿತು. ಐದನೆಯದು. ಆರನೆಯದೂ ಎದ್ದಿತು.

ಟಕ್.

ಬಾಗಿಲು ಒಂದು ಬೆರಳಿನಷ್ಟು ಬಿಟ್ಟುಕೊಂಡಿತು. ಅಮ್ಮ ಗೋಡೆಗೆ ಒರಗಿ ಕೂತಿದ್ದಳು. ಮೊಣಕೈವರೆಗೆ ಕುಂಕುಮ, ಮೂಗಿನ ಮೇಲೆ ಮಸಿ, ಸೀರೆಯ ಮೇಲೆಲ್ಲ ಹಿತ್ತಾಳೆಯ ಪುಡಿ. ಹೆಂಡತಿ ಬಾಗಿಲನ್ನು ಇನ್ನಷ್ಟು ಸರಿಸಿ, ಸಂದಿಯಲ್ಲೇ ತೂರಿಕೊಂಡು ಒಳಗೆ ಹೋಗಿ ಸಕ್ಕರೆ ನೀರಿನ ಲೋಟ ತುಟಿಗಿಟ್ಟಳು. ಅಮ್ಮ ಅರ್ಧ ಕುಡಿದಳು, ಅರ್ಧ ಕೊರಳ ಮೇಲೆ ಹರಿಯಿತು. ಆಮೇಲೆ ಒಂದು ಬಾಳೆಹಣ್ಣು. ಆಮೇಲೆ ಇನ್ನೊಂದು. ಹತ್ತು ನಿಮಿಷ ಕಳೆದು ಕಣ್ಣಿಗೆ ಹೊಳಪು ಬಂದಾಗ ಅವಳು ಸೊಸೆಯತ್ತ ತಿರುಗಿ, "ಈ ಹಣ್ಣು ಇನ್ನೊಂದು ದಿನ ಬಿಟ್ಟಿದ್ರೆ ಚೆನ್ನಾಗಿ ಹಣ್ಣಾಗ್ತಿತ್ತು" ಎಂದಳು. ಹೆಂಡತಿ ನಗುತ್ತ ನಗುತ್ತ ಅತ್ತುಬಿಟ್ಟಳು. ಬೀಗದಣ್ಣನಿಗೆ ಹೋದ ಜೀವ ಬಂದಂತಾಯಿತು.

ಆಂಬುಲೆನ್ಸಿನವರು ಬಂದು, ಸಕ್ಕರೆ ಅಳೆದು, ಗಾಬರಿಯಿಲ್ಲ, ಊಟ ಮಾಡಿಸಿ, ಸಂಜೆವರೆಗೆ ಆಗಾಗ ನೋಡುತ್ತಿರಿ ಎಂದು ಹೇಳಿ ಹೋದರು. ಅಮ್ಮ ಎಲೆಯ ಮುಂದೆ ಕೂತು, ಎರಡು ತುತ್ತು ಉಂಡ ಮೇಲೆ ಮಗನನ್ನು ವಿಚಾರಿಸಿಕೊಳ್ಳಲು ತೊಡಗಿದಳು.

"ದೇವಿ ಸುಮ್ನಿರಲ್ಲ ಅಂತ ಹೇಳಿದ್ದು ದೇವಿಯಲ್ಲ ಕಣೋ, ನಾನು."

"ಅಂದ್ರೆ?"

"ನಿಮ್ಮಪ್ಪ ಅಂಗಡಿಗೆ ಹೋದ್ರೆ ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ. ನೀನು ಹುಟ್ಟಿದ ದಿನಾನೂ ಯಾರದೋ ಕಪಾಟು ತೆಗೀತಿದ್ರು. ಪೂಜೆ ಮಾಡಿ ಕೈಮುಗಿದು, ಮಂಗಳಾರತಿ ಆರೋ ಮೊದಲೇ ಅದೇ ಅರ ಎತ್ಕೊಂಡು ಹೊರಡೋರು. ನಂಗೆ ತಡೀಲಿಲ್ಲ. ನಮ್ಮ ತವರಲ್ಲಿ ಶಾಸ್ತ್ರ ಇದೆ, ಮರುದಿನದವರೆಗೂ ಮುಟ್ಟಿದ್ರೆ ಕೇಡು ಅಂತ ಒಂದು ಸುಳ್ಳು ಬಿಟ್ಟೆ. ನಮ್ಮ ತವರಲ್ಲಿ ಯಾವ ಶಾಸ್ತ್ರ? ನಮ್ಮಪ್ಪ ಪೋಸ್ಟ್‌ಮ್ಯಾನು. ಇದ್ದಿದ್ದು ಒಂದು ಸೈಕಲ್ಲು. ಪೂಜೆ ಆದ ಕೂಡ್ಲೇ ಅದ್ರಲ್ಲೇ ಪೇಟೆಗೆ ಹೋಗೋರು."

ಬೀಗದಣ್ಣನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಮತ್ತೆ ಆ ಎರಡು ಹಲ್ಲು?"

"ಅದು ನಿಮ್ಮಪ್ಪನ ಷರತ್ತು. ಆಯ್ತು ಮಾರಾಯ್ತಿ, ಒಂದು ದಿನ ಕೈಕಟ್ಟಿ ಕೂರ್ತೀನಿ, ಆದ್ರೆ ಬೆಳಿಗ್ಗೆ ಎದ್ದ ಕೂಡ್ಲೇ ಮಾಡೋಕೆ ಏನಾದ್ರೂ ಬಾಕಿ ಇರ್ಬೇಕು ಅಂದ್ರು. ಇಬ್ರೂ ಚೌಕಾಶಿ ಮಾಡ್ಕೊಂಡಿದ್ದನ್ನ ನೀನು ತಾತಂದಿರ ಶಾಸ್ತ್ರ ಮಾಡಿಬಿಟ್ಟೆ."

"ಅತ್ತೆ, ನೀವು ಅರ ಹಿಡಿಯೋದು ಯಾವಾಗ ಕಲಿತ್ರಿ?" ಎಂದು ಹೆಂಡತಿ ಕೇಳಿದಳು.

"ಇವನು ಮೂರನೇ ಕ್ಲಾಸಲ್ಲಿದ್ದಾಗ ಅವರ ಕಣ್ಣಿಗೆ ಪೊರೆ ಬಂತು. ಹೊರಗೆ ಗೊತ್ತಾದ್ರೆ ಗಿರಾಕಿ ಬರ್ತಾರಾ? ಅವರು ಮುಂದೆ ಕೂತು ಮಾತಾಡೋರು, ನಾನು ಹಿಂದಿನ ಕೋಣೇಲಿ ಉಜ್ಜೋಳು. ಎರಡು ವರ್ಷ. ಆಮೇಲೆ ಆಪರೇಷನ್ ಆಯ್ತು, ನಾನು ಸೌಟು ಹಿಡ್ಕೊಂಡೆ. ಲೋ, ನಿನ್ನ ಅಂಗಡೀಲಿ ಮೊಳೆಗೆ ನೇತುಹಾಕಿದೀಯಲ್ಲ ಅಪ್ಪನ ಕೀಲಿಗೊಂಚಲು ಅಂತ, ಅದ್ರಲ್ಲಿ ಮುಕ್ಕಾಲು ನನ್ನವು."

ಬೀಗದಣ್ಣ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ. ಮೂರು ಉದ್ದ, ಒಂದು ಗಿಡ್ಡ. ಇಷ್ಟು ವರ್ಷ ಅಪ್ಪನ ಕೈಯೆಂದು ಹೆಮ್ಮೆಪಟ್ಟದ್ದು ಅಮ್ಮನ ಕೈ.

"ಇನ್ನು ಆ ತಂತಿ" ಎಂದಳು ಅಮ್ಮ, ದನಿ ತಗ್ಗಿಸಿ. "ಅವತ್ತು ಸಂಜೇನೇ ನಿಮ್ಮಪ್ಪಂಗೆ ಗೊತ್ತಾಗಿತ್ತು. ತಂತಿ ಮೇಲಿನ ಕುಂಕುಮ ಅಳಿಸಿತ್ತಲ್ಲ. ನನ್ನ ಕರೆದು ತೋರಿಸಿದ್ರು. ಮಗ ನಿನ್ನ ಶಾಸ್ತ್ರ ಮುರಿದಿದಾನೆ ಕಣೇ, ಪಕ್ಕದ ಮನೆ ಮಗು ಆಸ್ಪತ್ರೇಲಿ ಸುಖವಾಗಿ ಹುಟ್ಟಿದೆಯಂತೆ, ಇವನು ಅಂಗಡಿ ನೋಡ್ಕೊಳ್ತಾನೆ ಬಿಡು ಅಂತ ಎಷ್ಟು ನಕ್ಕಿದ್ರು ಗೊತ್ತಾ? ಅವರ ಎದೆ ಬೇನೆ ಆರು ತಿಂಗಳಿಂದ ಇತ್ತು. ಡಾಕ್ಟರ ಹತ್ರ ಹೋಗಿ ಅಂದ್ರೆ ಹೋಗ್ಲಿಲ್ಲ. ತಂತಿಗೂ ಅದಕ್ಕೂ ಏನೋ ಸಂಬಂಧ? ನಿನ್ನ ಮನಸ್ಸಲ್ಲಿ ಇದು ಕೂತಿದೆ ಅಂತ ಗೊತ್ತಿದ್ರೆ ಅವತ್ತೇ ಹೇಳ್ತಿದ್ದೆ. ನೀನು ಬಾಯಿ ಬಿಟ್ರೆ ತಾನೇ!"

ಬೀಗದಣ್ಣ ತಲೆ ಬಗ್ಗಿಸಿದ. ಎಲೆಯ ಮೇಲೆ ಒಂದು ಹನಿ ಬಿತ್ತು, ಇನ್ನೊಂದು ಬಿತ್ತು.

"ಅಳೋದಿದ್ರೆ ಊಟ ಆದ್ಮೇಲೆ ಅಳು. ಅನ್ನ ಆರುತ್ತೆ" ಎಂದಳು ಅಮ್ಮ. ಎಡಗೈಯಿಂದ ಅವನ ತಲೆಯನ್ನು ಸವರಿದಳು. ಕೂದಲಿಗೆ ಕುಂಕುಮ ಹತ್ತಿತು.

ಅಷ್ಟರಲ್ಲಿ ಗಡಿಬಿಡಿ ಬಂದ. ಹೇಳಿದ್ದಕ್ಕಿಂತ ಇಪ್ಪತ್ತು ನಿಮಿಷ ತಡ. ಹೆಗಲಲ್ಲಿ ಚೀಲ, ಚೀಲದ ಮೇಲೆ ಪೂಜೆಯ ಹೂವು ಹಾಗೇ ಇತ್ತು. ಉಣ್ಣುತ್ತ ಕೂತ ಅಜ್ಜಿಯನ್ನು ನೋಡಿ, "ನನ್ನ ಶಾಸ್ತ್ರ ಸುಮ್ಸುಮ್ನೆ ಕೆಡ್ತಲ್ಲಪ್ಪಾ" ಎಂದು ಬಾಗಿಲಲ್ಲೇ ನಿಂತ.

"ಕೆಟ್ಟಿಲ್ಲ, ಕೂತ್ಕೋ, ಉಂಡು ಹೋಗು" ಎಂದಳು ಅಮ್ಮ.

ಹೆಂಡತಿ ಇನ್ನೊಂದು ಎಲೆ ಹಾಸಿದಳು. ಬಾಲ್ಕನಿಯಿಂದ ಮತ್ತೆ ಗಾಳಿ ಬೀಸಿ ದೇವರ ಕೋಣೆಯ ಬಾಗಿಲು ಮೆಲ್ಲಗೆ ಅಲುಗಿತು. ಮರದ ತುಂಡು ಎಲ್ಲಿ ಹೋಗಿತ್ತೋ ಯಾರಿಗೂ ಕಾಣಲಿಲ್ಲ. ಬೀಗದಣ್ಣ ಎದ್ದು, ಕೈತೊಳೆದುಕೊಂಡು, ಒಳಗೆ ಹೋದ. ಕೆಂಪು ಬಟ್ಟೆಯ ನಡುವಿನಿಂದ ಅಪ್ಪನ ಸುತ್ತಿಗೆಯನ್ನು ಕುಂಕುಮ ಹೂವಿನ ಸಮೇತ ಎತ್ತಿಕೊಂಡ. ಅದನ್ನು ತಂದು ಬಾಗಿಲಿಗೆ ಅಡ್ಡ ಇಟ್ಟು, ಬಂದು ಊಟಕ್ಕೆ ಕೂತ.